ದೊಡ್ಡ ಕಾವಲು ನಾಯಿಗೆ ಹೊಸ ಮನೆ: "ಅನುಭವ ಇದೆ" ಅಂದವರನ್ನು ಏನು ಕೇಳಬೇಕು, ಹೇಗೆ ಒಪ್ಪಿಸಬೇಕು?

ಹೊಸಿಲು:
ಗಂಡು ನಾಯಿ. ಹಲ್ಲು ನೋಡಿದರೆ ವಯಸ್ಸು ಅಂದಾಜು 4. ತೂಕ 54 ಕೆಜಿ, ಭುಜದ ಎತ್ತರ 74 ಸೆಂಮೀ. ನೋಟಕ್ಕೆ ಕಾಂಗಾಲ್ (ಟರ್ಕಿಯ ಮಂದೆ ಕಾಯುವ ತಳಿ) ಥರ ಇದೆ, ಆದರೆ ಕಾಗದಪತ್ರ ಏನೂ ಇಲ್ಲ, ಮಿಶ್ರ ತಳಿಯೂ ಇರಬಹುದು. ಮೊದಲು ಸರಪಳಿಯಲ್ಲಿ ಕಟ್ಟಿಹಾಕಿದ್ದ ನಾಯಿ. ಬಿಡಿಸಿ ತಾತ್ಕಾಲಿಕ ಮನೆಗೆ ಬಂದು 5 ತಿಂಗಳಾಯಿತು. ಗೊತ್ತಿರುವವರ ಹತ್ತಿರ ಬೆಣ್ಣೆ, ಗೇಟಿನ ಹತ್ತಿರ ಅಪರಿಚಿತರು ಬಂದರೆ ಬೇರೆಯೇ ನಾಯಿ. ಒಂದು ಕಚ್ಚಿದ ದಾಖಲೆ ಇದೆ: ಗೇಟಿನ ಸರಳುಗಳ ಮಧ್ಯೆ ಕೈ ತೂರಿಸಿದವರ ಮುಂಗೈಗೆ ಬಾಯಿ ಹಾಕಿ ತಕ್ಷಣ ಬಿಟ್ಟಿದೆ. ಎರಡು ತೂತು, ಆಳ ಹೆಚ್ಚಿಲ್ಲ.

ಮೂವರು ಕೇಳಿದ್ದಾರೆ. ಮೂವರೂ "ದೊಡ್ಡ ನಾಯಿ ಸಾಕಿ ಅನುಭವ ಇದೆ" ಅಂತಲೇ ಶುರುಮಾಡುತ್ತಾರೆ. ಆರಿಸೋದು ಹೇಗೆ? ಒಪ್ಪಿಸೋಕೆ ಎಷ್ಟು ದಿನ ಇಟ್ಟುಕೊಳ್ಳಬೇಕು?

ಗೂಟದಹಗ್ಗ:
ಅನುಭವ ಎಷ್ಟು ವರ್ಷದ್ದು ಅಂತ ಕೇಳಬೇಡಿ, ಯಾವ ನಾಯಿಯದ್ದು ಅಂತ ಕೇಳಿ. ಜರ್ಮನ್ ಶೆಫರ್ಡ್, ಮ್ಯಾಲಿನ್ವಾ, ಡಾಬರ್‌ಮನ್ ಪಳಗಿಸಿದವರು ಎಷ್ಟೇ ಜಾಣರಿರಲಿ, ಕಾಂಗಾಲ್, ಅಲಬಾಯ್, ಕಕೇಶಿಯನ್, ಮರೆಮ್ಮಾ, ಗ್ರೇಟ್ ಪೈರನೀಸ್ ಜಾತಿಯ ನಾಯಿ ಕೈಗೆ ಬಂದರೆ ಮೊದಲ ತಿಂಗಳಲ್ಲೇ ಎಡವುತ್ತಾರೆ. ಶೆಫರ್ಡ್ ಮನುಷ್ಯನ ಮುಖ ನೋಡಿ ಕೆಲಸ ಮಾಡುವ ನಾಯಿ. ಕಾಂಗಾಲ್‌ನಂಥ ಮಂದೆ ಕಾಯುವ ತಳಿಗಳು ರಾತ್ರಿಯಿಡೀ ಕುರಿ ಜೊತೆ ಒಂಟಿಯಾಗಿದ್ದು, ಯಾವುದು ಅಪಾಯ ಯಾವುದು ಅಲ್ಲ ಅಂತ ತಾವೇ ತೀರ್ಮಾನ ಮಾಡಲಿ ಎಂದು ತಲೆತಲಾಂತರದಿಂದ ಆರಿಸಿ ಬೆಳೆಸಿದವು. "ಕೂತ್ಕೋ" ಅಂದರೆ ನಿಮ್ಮನ್ನೊಮ್ಮೆ ನೋಡಿ, ಗೇಟನ್ನೊಮ್ಮೆ ನೋಡಿ, ಆಮೇಲೆ ಕೂರಬೇಕೋ ಬೇಡವೋ ಯೋಚಿಸುತ್ತವೆ. ಇದನ್ನು ಮೊಂಡುತನ ಅಂದುಕೊಂಡು ದನಿ ಎತ್ತುವವರು, ಕೊರಳಪಟ್ಟಿ ಹಿಡಿದು ಎಳೆಯುವವರು ಈ ನಾಯಿಗೆ ಆಗಿಬರುವುದಿಲ್ಲ.

ಹಾಗಾಗಿ ಪ್ರಶ್ನೆ ಹೀಗಿರಲಿ:

ನಾಯಿ ಸೋಫಾ ಮೇಲೆ ಮಲಗಿದೆ, ಇಳಿ ಅಂದಿರಿ, ಗುರ್ ಅಂದಿತು. ಏನು ಮಾಡ್ತೀರಿ? "ಯಜಮಾನ ಯಾರು ಅಂತ ತೋರಿಸ್ತೀನಿ" ಅಂದರೆ ಮಾತು ಅಲ್ಲಿಗೇ ಮುಗಿಸಿ. "ದೂರದಿಂದ ಏನಾದರೂ ತಿನ್ನೋದು ತೋರಿಸಿ ಇಳಿಸ್ತೀನಿ, ನಾಳೆಯಿಂದ ಆ ಕೋಣೆ ಬಾಗಿಲು ಹಾಕಿಡ್ತೀನಿ, ನೋವಿದೆಯಾ ಅಂತ ಡಾಕ್ಟರಿಗೆ ತೋರಿಸ್ತೀನಿ" ಅಂದವರ ಹತ್ತಿರ ಮಾತು ಮುಂದುವರಿಸಿ.

ನೀವು ಆಸ್ಪತ್ರೆ ಸೇರಿದರೆ 5 ದಿನ ಇದಕ್ಕೆ ಊಟ ಹಾಕೋರು ಯಾರು? ಆ ವ್ಯಕ್ತಿಯ ಹೆಸರು ಬಾಯಿಗೆ ಬರಬೇಕು. "ಯಾರಾದರೂ ಸಿಗ್ತಾರೆ" ಅನ್ನೋದು ಉತ್ತರವೇ ಅಲ್ಲ. ಇಂಥ ನಾಯಿ ಹತ್ತಿರ ಹೋಗಬಲ್ಲ ಎರಡನೇ ಮನುಷ್ಯ ಮೊದಲ ತಿಂಗಳಿಂದಲೇ ತಯಾರಾಗಬೇಕು.

ಮನೆಗೆ ವಾರಕ್ಕೆ ಎಷ್ಟು ಜನ ಬಂದು ಹೋಗ್ತಾರೆ? ಕಟ್ಟಡ ಸ್ವಂತದ್ದೋ ಬಾಡಿಗೆಯದೋ? ಬಾಡಿಗೆಯಾದರೆ ನಾಯಿಯ ತೂಕ ಬರೆದು ಮಾಲೀಕರ ಒಪ್ಪಿಗೆ ಲಿಖಿತವಾಗಿ ಬೇಕು.

ಹಿಂದಿನ ನಾಯಿ ಹೇಗೆ ಸತ್ತಿತು, ಯಾವ ವಯಸ್ಸಿಗೆ? ಇದನ್ನು ಸುಮ್ಮನೆ ಮಾತಿನ ನಡುವೆ ಕೇಳಿ. ಉತ್ತರದಲ್ಲಿ ಬಹಳ ಸಂಗತಿ ಇರುತ್ತೆ. ಆ ನಾಯಿಯನ್ನು ನೋಡುತ್ತಿದ್ದ ಪಶುವೈದ್ಯರಿಗೂ ಅವರ ಒಪ್ಪಿಗೆ ಪಡೆದು ಒಂದು ಫೋನ್ ಮಾಡಿ.

ಒಂದೂವರೆಕಿವಿ:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಯಾಕಂದ್ರೆ ನಾಯಿ ವಾಪಸ್ ಬರೋದು ಬಹುಪಾಲು ಇಲ್ಲೇ.

ಎಲ್ಲರೂ "3 ದಿನ, 3 ವಾರ, 3 ತಿಂಗಳು" ಅಂತ ಲೆಕ್ಕ ಹೇಳ್ತಾರೆ: 3 ದಿನ ಗಾಬರಿ, 3 ವಾರಕ್ಕೆ ದಿನಚರಿ ಅರ್ಥ ಆಗುತ್ತೆ, 3 ತಿಂಗಳಿಗೆ ಮನೆ ತನ್ನದು ಅನ್ಸುತ್ತೆ. ಸಾಮಾನ್ಯ ನಾಯಿಗೆ ಈ ಲೆಕ್ಕ ಒಳ್ಳೆ ಸುದ್ದಿ. ಕಾವಲು ನಾಯಿಗೆ ತಿರುಗಾಮುರುಗಾ. ಮನೆ ತನ್ನದು ಅನಿಸಿದ ದಿನವೇ ಕಾಯೋಕೆ ಶುರುಮಾಡುತ್ತೆ. ಮೊದಲ ಎರಡು ವಾರ ಬಂದ ಅತಿಥಿಯನ್ನೆಲ್ಲ ಮೂಸಿ ಸುಮ್ಮನಾಗಿದ್ದ ನಾಯಿ, 6ರಿಂದ 10ನೇ ವಾರದ ಹೊತ್ತಿಗೆ ಅದೇ ಅತಿಥಿಯನ್ನ ಬಾಗಿಲಲ್ಲೇ ತಡೆದು ನಿಲ್ಲುತ್ತೆ. ಮಾಲೀಕರು "ಚೆನ್ನಾಗಿತ್ತು, ಇದ್ದಕ್ಕಿದ್ದಂಗೆ ಕೆಟ್ಟೋಯ್ತು" ಅಂತಾರೆ. ಕೆಟ್ಟಿಲ್ಲ, ಕೆಲಸಕ್ಕೆ ಸೇರ್ಕೊಂಡಿದೆ ಅಷ್ಟೆ.

ಅದಕ್ಕೇ ವಿಚಾರಿಸೋ ಭೇಟಿ ಮೊದಲ ವಾರ ಒಂದು ಇಟ್ಕೊಂಡು ಕೈತೊಳ್ಕೋಬೇಡಿ. 2ನೇ ದಿನ ಫೋನ್, 7ನೇ ದಿನ ಫೋನ್, 3ನೇ ವಾರ ಭೇಟಿ, ಆಮೇಲೆ 7ನೇ ವಾರ ಮತ್ತು 11ನೇ ವಾರ ಖಂಡಿತ ಭೇಟಿ. ಪರೀಕ್ಷಾ ಅವಧಿ ಅಂತ 14 ದಿನ ಬರೀತಾರಲ್ಲ ಒಪ್ಪಂದದಲ್ಲಿ, ಈ ನಾಯಿಗೆ 120 ದಿನ ಬರೀರಿ. ತಗೊಳ್ಳೋರಿಗೂ ಈ ತಾರೀಖು ಮೊದಲೇ ಗೊತ್ತಿರ್ಲಿ, 8ನೇ ವಾರ ಮೊದಲ ಸಲ ಗುರ್ ಅಂದಾಗ ಎದೆ ಒಡ್ಕೊಳ್ಳಲ್ಲ.

4 ವರ್ಷ ಆಗಿರೋದು ನಿಮ್ಮ ಪುಣ್ಯ. 14 ತಿಂಗಳ ಮರಿಯಾಗಿದ್ರೆ ಇನ್ನೂ ಏನಾಗುತ್ತೆ ಅಂತ ಹೇಳೋಕೇ ಆಗ್ತಿರ್ಲಿಲ್ಲ. ಈ ತಳಿಗಳ ಬುದ್ಧಿ ಬಲಿಯೋದೇ 2ರಿಂದ 3 ವರ್ಷಕ್ಕೆ.

ತಂತಿಬೇಲಿ:
ಬೇಲಿ ಬಗ್ಗೆ ಯಾರೂ ಬರದಿಲ್ಲ, ನಾ ಬರೀತೀನ್ರಿ. ಮನಿ ನೋಡಾಕ ಹೋದಾಗ ಮಂದಿ ಮುಖ ನೋಡೂದಕ್ಕಿಂತ ಮೊದಲ ಬೇಲಿ ಬುಡ ನೋಡ್ರಿ.

ಎತ್ತರ 6 ಫೂಟ್ ಇರಬೇಕು, ಅದು ಸರಿ. ಆದ್ರ ಈ ದೊಡ್ಡ ನಾಯಿ ಹಾರೂದು ಕಮ್ಮಿ. ಕೆಳಗ ತೋಡ್ತಾವ, ಇಲ್ಲಾ ಎದಿ ಕೊಟ್ಟು ದೂಡ್ತಾವ. ಚೈನ್‌ಲಿಂಕ್ ಜಾಲರಿಗೆ ಬುಡದಾಗ ಬಿಗಿ ತಂತಿ ಇಲ್ಲಂದ್ರ ಮೂಗು ತೂರಿಸಿ ಎತ್ತಿ ಹೊಂಟು ಹೋಗ್ತಾವ. ವೆಲ್ಡ್ ಮೆಶ್ ಛಲೋ, ತಂತಿ 3 ಮಿಮೀಕ್ಕಿಂತ ಸಣ್ಣದು ಬ್ಯಾಡ. ಕಂಬ 2ರಿಂದ 2.5 ಮೀಟರಿಗೊಂದು, 60 ಸೆಂಮೀ ಆಳ, ಕಾಂಕ್ರೀಟ್ ಹಾಕಿರಬೇಕು. ಬುಡದಾಗ 60 ಸೆಂಮೀ ಅಗಲದ ಜಾಲರಿನ ಒಳಗಿನ ಕಡೆ ನೆಲದ ಮ್ಯಾಲ ಹಾಸಿ, ಬೇಲಿಗೆ ಕಟ್ಟಿ, ಮ್ಯಾಲ ಮಣ್ಣು ಕಲ್ಲು ಹಾಕ್ರಿ. ನಾಯಿ ತೋಡೂದು ಯಾವಾಗಲೂ ಬೇಲಿ ಬುಡಕ್ಕ ಹತ್ತಿ, ಎರಡು ಫೂಟ್ ಹಿಂದ ಸರದು ತೋಡಬೇಕು ಅನ್ನೂ ಲೆಕ್ಕ ಅದಕ್ಕ ಹೊಳಿಯೂದಿಲ್ಲ.

ಬೇಲಿಯಿಂದ ಒಳಗ ಒಂದೂವರೆ ಮೀಟರ್ ತನಕ ಕಟಗಿ ರಾಶಿ, ಡ್ರಮ್ಮು, ಕಟ್ಟಿ ಏನೂ ಇರಬಾರದು. ಅಡ್ಡಪಟ್ಟಿ ಒಳಗಿನ ಕಡೆ ಇದ್ರ ಅದು ಬೇಲಿ ಅಲ್ಲ, ಏಣಿ.

ಗೇಟ್ ಒಳಗ ತೆರೀಬೇಕು. ಹೊರಗ ತೆರೆಯೂ ಗೇಟಿಗೆ 54 ಕೆಜಿ ಬಂದು ಬಡದ್ರ ಚಿಲಕ ಎಷ್ಟು ದಿನ ತಡೀತದ? ಒಳಗ ತೆರೆಯೂದಾದ್ರ ನಾಯಿ ದೂಡಿದಷ್ಟು ಗೇಟ್ ಚೌಕಟ್ಟಿಗೆ ಒತ್ತಿ ಕೂಡತದ. ಮ್ಯಾಲೊಂದು ಕೆಳಗೊಂದು ಚಿಲಕ, ತಾನ ಮುಚ್ಚೂ ಸ್ಪ್ರಿಂಗ್, ಗೇಟಿನ ಕೆಳಗ ಸಂದು 8 ಸೆಂಮೀ ಒಳಗ. ಒಂದು ಗೇಟಿನ ಹಿಂದ ಇನ್ನೊಂದು ಗೇಟ್ ಬೇಕಾ ಬೇಕು, ನಡುವ 2 ಮೀಟರ್ ಜಾಗ. ಮನುಷ್ಯ, ನಾಯಿ ಇಬ್ಬರೂ ನಿಂತು ಹಿಂದಿಂದು ಮುಚ್ಚಿ ಮುಂದಿಂದು ತೆಗೀಬೇಕು. ಗೇಟಿಗೆ ಸರಳು ಇದ್ರ ಶೀಟ್ ಹೊಡಸ್ರಿ, ಯಾರೂ ಕೈ ಹಾಕೂ ಹಂಗ ಇರಬಾರದು. ನಿಮ್ಮ ನಾಯಿ ಕಚ್ಚಿದ್ದ ಅಲ್ಲೇ ಅಲ್ಲೇನ್ರಿ?

ನೆಲದಾಗ ತಂತಿ ಹುಗದು ಕೊರಳಿಗೆ ಕರೆಂಟ್ ಕೊಡೂ ಬೇಲಿ ಅಂತೂ ಬ್ಯಾಡಾ ಬ್ಯಾಡ. ಏನರ ಬೆನ್ನು ಹತ್ತಿದ್ರ ಶಾಕ್ ತಿಂದು ದಾಟಿ ಹೋಗತದ, ವಾಪಸ್ ಬರೂವಾಗ ಶಾಕ್ ನೆನಪಾಗಿ ಹೊರಗ ನಿಲ್ಲತದ. ಅಲ್ಲದ ಹೊರಗಿನವರು ಒಳಗ ಬರೂದನ್ನ ಅದು ತಡಿಯೂದಿಲ್ಲ.

ಹೊಸಿಲು:
ಅಣ್ಣ, ಗೇಟಿಗೆ ಶೀಟ್ ಹೊಡೆಸಬೇಕು ಅನ್ನೋದು ಹೊಳೆದಿರಲಿಲ್ಲ. ಮೂವರ ವಿವರ ಚಿಕ್ಕದಾಗಿ: ಒಬ್ಬರದು ಎತ್ತರದ ಕಾಂಪೌಂಡ್, ಆದರೆ ದಿನಾ ಕೆಲಸದವರು ಬಂದು ಹೋಗುವ ಜಾಗ. ಎರಡನೆಯವರು ಗಂಡ ಹೆಂಡತಿ, ಮಕ್ಕಳಿಲ್ಲ, ಮನೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಆದ 6 ವರ್ಷದ ಹೆಣ್ಣು ಪೈರನೀಸ್ ಇದೆ. ಮೂರನೆಯವರಿಗೆ ಗಂಡು ಅಲಬಾಯ್ ಇದೆ, ಇನ್ನೊಂದು ಗಂಡು ಜೊತೆಗಿರಲಿ ಅಂತ.

ಗೂಟದಹಗ್ಗ:
ಮೂರನೆಯವರಿಗೆ ಇವತ್ತೇ ಕೈಮುಗಿದು ಬೇಡ ಅನ್ನಿ. ದೊಡ್ಡ ಕಾವಲು ತಳಿಯ ಎರಡು ವಯಸ್ಕ ಗಂಡು ಒಂದೇ ಕಾಂಪೌಂಡಿನಲ್ಲಿ ಇದ್ದರೆ, ಮೊದಲ ಜಗಳವೇ ಹೊಲಿಗೆ ಹಾಕಿಸುವಂಥದ್ದು ಆಗಬಹುದು. ಬಿಡಿಸೋಕೆ ನಡುವೆ ಹೋದವರ ಕೈಗೂ ಅಷ್ಟೆ. ಮೊದಲನೆಯವರ ಜಾಗದಲ್ಲಿ ಅಪರಿಚಿತರು ಬರೋದು ಹೋಗೋದು ದಿನದ ಕೆಲಸ, ಈ ನಾಯಿಗೆ ಅದು ದಿನಾ ಪರೀಕ್ಷೆ. ಎರಡನೆಯವರನ್ನು ಹಿಡಿದುಕೊಂಡು ಮುಂದುವರಿಯಿರಿ, ಹೆಣ್ಣು ನಾಯಿ ಒಪ್ಪಿದರೆ ಮಾತ್ರ.

ನಾಯಿ ನಾಯಿ ಪರಿಚಯ: ಇಬ್ಬರಿಗೂ ಸೇರದ ಬಯಲು. 15 ಮೀಟರ್ ಅಂತರದಲ್ಲಿ ಇಬ್ಬರು ಎರಡು ನಾಯಿ ಹಿಡಿದು ಒಂದೇ ದಿಕ್ಕಿಗೆ 20 ನಿಮಿಷ ನಡಿಗೆ. ಎದುರುಬದುರು ತರಬೇಡಿ, ಹಗ್ಗ ಬಿಗಿಯಾಗಿದ್ದಾಗ ಮುಖಾಮುಖಿ ಆದರೆ ಸಾಧು ನಾಯಿಯೂ ಗುರ್ ಅನ್ನುತ್ತೆ. ಎರಡನೇ ದಿನ 8 ಮೀಟರ್, ಮೂರನೇ ದಿನ 3 ಮೀಟರ್. ಒಂದರ ಹಿಂದೆ ಇನ್ನೊಂದು ನಡೆದು ಮೂತ್ರ ಮಾಡಿದ ಜಾಗ ಮೂಸಲಿ, ಅವುಗಳ ವಿಳಾಸದ ಚೀಟಿ ಅದೇ. ಬಾಲ ಸೆಟೆದು, ಬಾಯಿ ಮುಚ್ಚಿ, ಮೈ ಮರದ ಹಲಗೆ ಆಗಿ ನಿಂತರೆ ಹಿಂದಿನ ಅಂತರಕ್ಕೆ ಹೋಗಿ. ಮನೆಯೊಳಗೆ ಊಟ, ಎಲುಬು, ಮಲಗುವ ಜಾಗ ಮೂರೂ ಎರಡು ನಾಯಿಗೂ ಬಾಗಿಲು ಹಾಕಿದ ಬೇರೆಬೇರೆ ಕೋಣೆಯಲ್ಲಿ, ಕಡಿಮೆ ಅಂದರೂ 2 ತಿಂಗಳು.

ಒಪ್ಪಿಸೋ ಕೆಲಸಕ್ಕೆ 3 ವಾರ ಇಟ್ಟುಕೊಳ್ಳಿ. ಮೊದಲ ವಾರ ಹೊಸಬರು ಮೈಗೆ ಹಾಕಿ ಬಿಟ್ಟ ಬಟ್ಟೆ ತರಿಸಿ ನಾಯಿ ಮಲಗುವಲ್ಲಿ ಇಡಿ, ಒಗೆಯದೆ. ನಂತರ ಮೂರು ನಾಲ್ಕು ಭೇಟಿ, ಗೇಟಿನಿಂದ ದೂರ, ಹೊರಗೆ. ಮೊದಲ ಭೇಟಿಯಲ್ಲಿ ಹೊಸಬರು ಪಕ್ಕಕ್ಕೆ ತಿರುಗಿ ನಡೆಯಬೇಕು ಅಷ್ಟೆ. ಕಣ್ಣಲ್ಲಿ ಕಣ್ಣಿಡೋದು, ತಲೆ ಮೇಲೆ ಕೈ ತರೋದು, ಬಗ್ಗೋದು ಬೇಡ. ತಿನ್ನೋದನ್ನ ಕೈಯಿಂದ ಕೊಡದೆ ನೆಲಕ್ಕೆ ಹಾಕಲಿ, ನಾಯಿಗೂ ಅವರಿಗೂ ನಡುವೆ. ಎರಡನೇ ಭೇಟಿಯಲ್ಲಿ ನಾಯಿಗೆ ಎರಡು ಹಗ್ಗ: ಒಂದು ನಿಮ್ಮ ಕೈಯಲ್ಲಿ, ಒಂದು ಅವರ ಕೈಯಲ್ಲಿ ಸಡಿಲ. ಮೂರನೆಯದರಲ್ಲಿ ಮುಖ್ಯ ಹಗ್ಗ ಅವರದು, ನಿಮ್ಮದು ಸಡಿಲ. ನಾಲ್ಕನೆಯದರಲ್ಲಿ ನೀವು 30 ಮೀಟರ್ ಹಿಂದೆ ಉಳಿಯಿರಿ. ನಾಯಿ ತಿರುಗಿ ತಿರುಗಿ ನೋಡದೆ ಅವರ ಜೊತೆ ಹೋದರೆ ದಿನ ಗೊತ್ತುಮಾಡಿ.

ಹಗ್ಗ 2 ಮೀಟರ್, ಅಗಲ 25 ಮಿಮೀ, ಚರ್ಮ ಅಥವಾ ಬಯೋಥೇನ್ (ಪ್ಲಾಸ್ಟಿಕ್ ಲೇಪದ ಪಟ್ಟಿ). ತೆಳು ನೈಲಾನ್ ಅಂಗೈ ಕೊಯ್ಯುತ್ತೆ. ಒಳಗೆ ಸುತ್ತಿಕೊಳ್ಳುವ ಲೀಶ್ ಈ ತೂಕಕ್ಕೆ ಆಟಿಕೆ. ಮಾಮೂಲಿ ಕೊಕ್ಕೆ ತಿರುಚಿದಾಗ ಬಿಚ್ಚಿಕೊಳ್ಳುತ್ತೆ, ಬೆಟ್ಟ ಹತ್ತುವವರು ಬಳಸುವ, ತಿರುಗಿಸಿ ಲಾಕ್ ಮಾಡುವ ಕ್ಯಾರಬೀನರ್ ಹಾಕಿ. ಕೊರಳಿಗೆ ಮಾರ್ಟಿಂಗೇಲ್ ಪಟ್ಟಿ (ಎಳೆದಾಗ ಒಂದು ಮಿತಿಯವರೆಗೆ ಬಿಗಿಯಾಗುವಂಥದ್ದು), ಮೈಗೆ ಹಾರ್ನೆಸ್, ಎರಡನ್ನೂ ಜೋಡಿಸುವ ಗಿಡ್ಡ ಪಟ್ಟಿ. ಒಂದು ಜಾರಿದರೆ ಇನ್ನೊಂದು ಹಿಡಿಯುತ್ತೆ. ಕಾವಲು ನಾಯಿಗಳ ಕತ್ತು ತಲೆಯಷ್ಟೇ ದಪ್ಪ, ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಪಟ್ಟಿ ಕಿವಿ ದಾಟಿ ಕಳಚಿ ಬರುತ್ತೆ.

ಬಾಯಿಕುಕ್ಕೆ ಈಗಿಂದಲೇ ಅಭ್ಯಾಸ ಮಾಡಿಸಿ, ಹೊಸ ಮನೆಯಲ್ಲಿ ಶುರುಮಾಡಿದರೆ ಕುಕ್ಕೆ ಅಂದರೆ ಹೊಸಬರು ಅಂತ ದ್ವೇಷ ಬೆಳೆಯುತ್ತೆ. ಬುಟ್ಟಿ ಥರದ್ದೇ ಬೇಕು. ಬಟ್ಟೆಯದು ಬಾಯಿ ಬಿಗಿದು ಏದುಸಿರು ಬಿಡೋಕೇ ಬಿಡಲ್ಲ, ಸೆಕೆಯಲ್ಲಿ ಪ್ರಾಣಕ್ಕೇ ಕುತ್ತು. ಅಳತೆ: ಮೂಗಿನ ತುದಿಯಿಂದ ಕಣ್ಣಿನ ಕೆಳಗೆ 2 ಸೆಂಮೀವರೆಗೆ ಉದ್ದ, ಅದಕ್ಕೆ 1 ಸೆಂಮೀ ಸೇರಿಸಿ. ಅದೇ ಜಾಗದಲ್ಲಿ ಸುತ್ತಳತೆ. ಎತ್ತರವನ್ನು ಮಾತ್ರ ನಾಯಿ ಏದುಸಿರು ಬಿಡುತ್ತಿರುವಾಗ, ಬಾಯಿ ತೆರೆದಿದ್ದಾಗ ಅಳೆಯಿರಿ. ಬಹಳ ಮಂದಿ ಬಾಯಿ ಮುಚ್ಚಿದ ಅಳತೆ ಕೊಟ್ಟು ಚಿಕ್ಕದು ತರಿಸುತ್ತಾರೆ. ಹಣೆ ಮೇಲೆ ಹೋಗುವ ಪಟ್ಟಿ ಇಲ್ಲದಿದ್ದರೆ ಮುಂಗಾಲಿನಿಂದ ಎರಡು ಸಲ ಕೆರೆದು ಕಿತ್ತುಹಾಕುತ್ತೆ. ಅಭ್ಯಾಸ ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ: ಒಳಗೆ ತಿನ್ನೋದು ಇಟ್ಟು ತಾನೇ ಮೂತಿ ಹಾಕಲಿ, ಮೂರು ನಾಲ್ಕು ದಿನ ಪಟ್ಟಿ ಮುಟ್ಟಬೇಡಿ. ಆಮೇಲೆ 5 ಸೆಕೆಂಡು ಪಟ್ಟಿ, ಅರ್ಧ ನಿಮಿಷ, 5 ನಿಮಿಷ, ಕೊನೆಗೆ ಹಾಕಿಕೊಂಡೇ ನಡಿಗೆ. 10ರಿಂದ 14 ದಿನ ಹಿಡಿಯುತ್ತೆ.

ಒಂದೂವರೆಕಿವಿ:
ಅಕ್ಕ, ಭೇಟಿಗಳ ಬಗ್ಗೆ, ಹಗ್ಗ ಕೊಕ್ಕೆಗಳ ಬಗ್ಗೆ ಬರೆದ್ರಿ, ಬಿಟ್ಟುಬರೋ ಗಳಿಗೆ ಬಗ್ಗೆ ಬರೀಲಿಲ್ಲ. ಗೇಟಲ್ಲಿ ಹಗ್ಗ ಕೈಗೆ ಕೊಟ್ಟು, ಕತ್ತು ತಬ್ಬಿ ಅತ್ತು, ತಿರುಗಿ ನಡೆಯೋದು ಸಿನಿಮಾಕ್ಕೆ ಚಂದ. ನಾಯಿ ಕಣ್ಣಲ್ಲಿ ಏನಾಗುತ್ತೆ? ತನ್ನ ಜನ ಹೊರಗೆ ಹೋದ್ರು, ಗೇಟು ಮುಚ್ಚಿತು. ಆ ಗೇಟಿಗೇ ಹಾರುತ್ತೆ. ಹಂಗಾಗಿ ಬೆಳಿಗ್ಗೆ ಹೊತ್ತು ಹೋಗಿ, ಮೊದಲು ಮೂತ್ರ ಮಾಡೋ ಜಾಗ, ಆಮೇಲೆ ಕಾಂಪೌಂಡ್ ಒಂದು ಸುತ್ತು ಹಗ್ಗದಲ್ಲೇ, ಆಮೇಲೆ ಅದಕ್ಕೆ ಅಂತ ಇಟ್ಟಿರೋ ಒಂದು ಕೋಣೆ. ಅಲ್ಲಿ ಅದರ ಹಳೇ ಹಾಸಿಗೆ ಒಗೆಯದೆ ಇರ್ಲಿ, ಅದೇ ಬಟ್ಟಲು, ಅದೇ ಊಟ. ಅದು ತಿಂತಿರುವಾಗ ಸದ್ದಿಲ್ದೆ ಹೊರಟುಬಿಡಿ.

ಮೊದಲ 14 ದಿನ: ಅತಿಥಿ ಇಲ್ಲ, ಸ್ನಾನ ಇಲ್ಲ, ಉಗುರು ಕತ್ತರಿಸೋದಿಲ್ಲ, ಅಂಗಳಕ್ಕೂ ಹಗ್ಗ ಇಲ್ದೆ ಇಲ್ಲ. ಮನೆಯೊಳಗೆ ನಾಯಿ ಎಳ್ಕೊಂಡು ಓಡಾಡೋ ಹಗ್ಗ 2 ಮೀಟರ್, ಹಿಡಿಕೆ ಕತ್ತರಿಸಿರ್ಬೇಕು, ಇಲ್ಲಾಂದ್ರೆ ಕುರ್ಚಿ ಕಾಲಿಗೆ ಸಿಕ್ಕಿ ಗಾಬರಿ ಬೀಳುತ್ತೆ. ಯಾರೂ ಮನೇಲಿಲ್ಲದಾಗ ಅದನ್ನ ತೆಗೀರಿ. ನಾಯಿಗೆ ಗೊತ್ತಿರೋ ಮಾತುಗಳನ್ನ ಇದ್ದಂಗೇ ಬರೆದು ಕೊಡಿ. ನೀವು "ಬಾರೋ" ಅಂತ ಕರೆದು ಅಭ್ಯಾಸ ಆಗಿದ್ರೆ ಹೊಸಬರ "ಕಮ್" ಅದಕ್ಕೆ ಗಾಳಿ ಸದ್ದು.

ತೂಕದಕಲ್ಲು:
ವೈದ್ಯಕೀಯ ಕಡೆಯಿಂದ. ಕೋಪ ಅಂತ ಕಾಣುವುದರಲ್ಲಿ ನೋವಿನ ಪಾಲು ದೊಡ್ಡದು, ಆದ್ದರಿಂದ ಒಪ್ಪಿಸುವ ಮೊದಲು ಸೊಂಟ ಮತ್ತು ಮೊಣಕೈ ಕೀಲುಗಳ ಎಕ್ಸ್-ರೇ, ಕಿವಿಯ ಒಳಭಾಗ, ಹಲ್ಲು ನೋಡಿಸಿ. ಸರಪಳಿ ನಾಯಿಗಳಲ್ಲಿ ಸರಳು ಕಚ್ಚಿ ಕಚ್ಚಿ ಕೋರೆಹಲ್ಲಿನ ಹಿಂಬದಿ ಸವೆದಿರುತ್ತದೆ, ಒಳಗಿನ ನರ ತೆರೆದುಕೊಂಡಿದ್ದರೆ ಮೂತಿ ಮುಟ್ಟಿದಾಗೆಲ್ಲ ನೋವು. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸೇರಿಸಿ. ಹೃದಯದ ಹುಳ, ಉಣ್ಣಿಯಿಂದ (ರಕ್ತ ಹೀರುವ ಉಣುಗು) ಬರುವ ಎರ್ಲಿಕಿಯಾ ಮತ್ತು ಬಬೀಸಿಯಾ ಸೋಂಕುಗಳ ಪರೀಕ್ಷೆ, ಜಂತುಹುಳದ ಔಷಧಿ, ರೇಬೀಸ್ ಲಸಿಕೆಯ ತಾರೀಖು ಕಾಗದದಲ್ಲಿರಲಿ.

ನಿಮ್ಮ ಗಂಡಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲ ಎಂದುಕೊಳ್ಳುತ್ತೇನೆ. ಮನೆಯಲ್ಲಿರುವ ಹೆಣ್ಣಿಗೆ ಆಗಿದೆಯಾದ್ದರಿಂದ ಅವಸರವಿಲ್ಲ. ಕಾಯುವ ಬುದ್ಧಿ ವೃಷಣ ತೆಗೆದರೆ ಹೋಗುವುದಿಲ್ಲ, ಮೂಲದಲ್ಲಿ ಭಯವಿರುವ ನಾಯಿಯಾದರೆ ಕೆಲವೊಮ್ಮೆ ಹೆಚ್ಚಾಗುವುದೂ ಉಂಟು. ಅನುಮಾನವಿದ್ದರೆ ಚರ್ಮದಡಿ ಇಡುವ, ವೃಷಣದ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಡೆಸ್ಲೊರೆಲಿನ್ ಇಂಪ್ಲಾಂಟ್ 4.7 ಮಿಗ್ರಾಂ ಹಾಕಿಸಿ ನೋಡಬಹುದು, ಸುಮಾರು 6 ತಿಂಗಳು ಕೆಲಸ ಮಾಡುತ್ತದೆ. ಮೊದಲ ಕೆಲವು ವಾರ ಟೆಸ್ಟೋಸ್ಟೆರಾನ್ ಇಳಿಯುವ ಬದಲು ಏರುತ್ತದೆ, ಆ ವಾರಗಳಲ್ಲೇ ಮನೆ ಬದಲಿಸಿದರೆ ಕೆಲಸ ಕೆಟ್ಟಂತೆ. ಶಸ್ತ್ರಚಿಕಿತ್ಸೆಯನ್ನೇ ಮಾಡಿಸುವುದಾದರೆ ಜೊತೆಗೆ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿಸಿಬಿಡಿ. ಆಳ ಎದೆಯ ದೊಡ್ಡ ನಾಯಿಗಳಲ್ಲಿ ಜಠರ ಗಾಳಿ ತುಂಬಿ ತಿರುಚಿಕೊಳ್ಳುವುದು ಗಂಟೆಗಳಲ್ಲಿ ಕೊಲ್ಲುವ ಸ್ಥಿತಿ: ಹೊಟ್ಟೆ ಉಬ್ಬುತ್ತದೆ, ವಾಂತಿಗೆ ಪ್ರಯತ್ನಿಸಿದರೂ ಏನೂ ಬರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಹೊಸ ಮನೆಯವರಿಗೆ ಈ ಮೂರು ಲಕ್ಷಣ ಕಂಠಪಾಠವಾಗಿರಬೇಕು.

ಊಟ: ಕ್ಯಾಲ್ಕುಲೇಟರಿನಲ್ಲಿ ತೂಕವನ್ನು ಮೂರು ಸಲ ಗುಣಿಸಿ, ವರ್ಗಮೂಲದ ಗುಂಡಿ ಎರಡು ಸಲ ಒತ್ತಿ, 70ರಿಂದ ಗುಣಿಸಿ. 54 × 54 × 54 ಅಂದರೆ 1,57,464, ಮೊದಲ ಮೂಲ ಸುಮಾರು 397, ಎರಡನೆಯದು 19.9, ಉತ್ತರ ಸುಮಾರು 1,394 ಕಿಲೋಕ್ಯಾಲರಿ. ಇದು ವಿಶ್ರಾಂತಿಯ ಲೆಕ್ಕ. ಓಡಾಟ ಕಡಿಮೆಯಿರುವ ವಯಸ್ಕ ನಾಯಿಗೆ ಇದರ 1.4 ಪಟ್ಟು, ಅಂದರೆ 1,950ರ ಆಸುಪಾಸು ಶುರುಮಾಡಿ, ಪಕ್ಕೆಲುಬು ಕೈಗೆ ಸಿಗುತ್ತಿದೆಯೇ ಎಂದು ಎರಡು ವಾರಕ್ಕೊಮ್ಮೆ ನೋಡಿ ಹೆಚ್ಚುಕಡಿಮೆ ಮಾಡಿ. ಎರಡು ಊಟಕ್ಕೆ ಹಂಚಿ, ತಿಂದ ಮೇಲೆ ಒಂದು ಗಂಟೆ ಓಡಿಸಬೇಡಿ. ಹೊಸ ಆಹಾರಕ್ಕೆ ಬದಲಿಸುವುದಿದ್ದರೆ ಮೊದಲ ಎರಡು ವಾರ ಮುಗಿಯಲಿ, ನಂತರ ಕಾಲು, ಅರ್ಧ, ಮುಕ್ಕಾಲು ಎಂದು 7ರಿಂದ 10 ದಿನ.

ಹೊಸಿಲು:
ಹೌದು, ಶಸ್ತ್ರಚಿಕಿತ್ಸೆ ಆಗಿಲ್ಲ. ಪ್ರಯಾಣಕ್ಕೆ ಮಂಪರು ಬರುವ ಮಾತ್ರೆ ಕೊಡಬಹುದಾ? 5 ಗಂಟೆ ದಾರಿ.

ತೂಕದಕಲ್ಲು:
ಅಸೆಪ್ರೊಮಜೀನ್ ಬೇಡ. ದೈತ್ಯ ತಳಿಗಳು ಅದಕ್ಕೆ ಹೆಚ್ಚು ಸ್ಪಂದಿಸುತ್ತವೆ, ಜೊತೆಗೆ ಅದು ಕಾಲು ಕಟ್ಟುತ್ತದೆ, ಭಯ ಕಟ್ಟುವುದಿಲ್ಲ. ಹೆದರಿಯೂ ಅಲುಗಾಡಲಾಗದ ನಾಯಿ ಇಳಿಯುವಾಗ ಮುಟ್ಟಿದವರನ್ನು ಕಚ್ಚಬಹುದು. ಬೇಕೇಬೇಕು ಎಂದರೆ ಗ್ಯಾಬಪೆಂಟಿನ್ ಅಥವಾ ಟ್ರಾಜೊಡೋನ್ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಯಾವುದೇ ಆದರೂ ಒಂದು ವಾರ ಮೊದಲೇ ಮನೆಯಲ್ಲಿ ಒಮ್ಮೆ ಕೊಟ್ಟು ನೋಡಿ, ಕೆಲವು ನಾಯಿಗಳಿಗೆ ಉಲ್ಟಾ ಹೊಡೆಯುತ್ತದೆ. ಹೊರಡುವ 6 ಗಂಟೆ ಮೊದಲು ಕೊನೆಯ ಊಟ, ನೀರಿಗೆ ತಡೆಯಿಲ್ಲ.

ತಂತಿಬೇಲಿ:
ಕ್ರೇಟ್ 137 ಸೆಂಮೀ ಉದ್ದದ್ದು ಬೇಕಾಗತದ್ರಿ, 122ರಾಗ ಈ ನಾಯಿ ತಿರಗಾಕ ಬರೂದಿಲ್ಲ. ಗಾಡಿಯೊಳಗ ನಾಲ್ಕೂ ಮೂಲಿಗೆ ಪಟ್ಟಿ ಬಿಗೀರಿ, ಕೆಳಗ ರಬ್ಬರ್ ಮ್ಯಾಟ್. ಕ್ರೇಟಿನಾಗ ಬಿಟ್ಟಾಗ ಬಾಯಿಕುಕ್ಕಿ ತಗೀರಿ, ಸರಳಿಗೆ ಸಿಗಬೀಳತದ. ಇಳಸೂದು ಎರಡೂ ಗೇಟ್ ಮುಚ್ಚಿದ ಮ್ಯಾಲ, ಗಾಡಿನ ಒಳಗ ತಂದು. ರಸ್ತಿ ಮ್ಯಾಲ ಕ್ರೇಟ್ ಬಾಗಲಾ ತಗದವರ ನಾಯಿನ ಆಮ್ಯಾಲ ಮೂರು ದಿನ ಹುಡಕಿದ್ದು ನೋಡೀವಿ.

ಒಂದೂವರೆಕಿವಿ:
ಅತಿಥಿ ವಿಷಯ ಬಿಟ್ಟುಹೋಯ್ತು, ಇದನ್ನ ಬರೆದು ಮುಗಿಸ್ತೀನಿ. 15ನೇ ದಿನದಿಂದ ಒಬ್ಬೊಬ್ಬರಾಗಿ. ಅತಿಥಿ ಬರೋಕೆ ಮುಂಚೆ ನಾಯಿ ತನ್ನ ಕೋಣೇಲಿ, ಬಾಗಿಲು ಚಿಲಕ ಹಾಕಿ. ಕೆಳಗೆ ಒತ್ತಿ ತೆರೆಯೋ ಹಿಡಿಕೆ ಇದ್ರೆ ಮುಂಗಾಲಲ್ಲಿ ಒತ್ತಿ ತೆಗೆಯುತ್ತೆ, ಎಚ್ಚರ. ಅತಿಥಿ ಬಂದು ಕೂತು 20 ನಿಮಿಷ ಆದ್ಮೇಲೆ ನಾಯಿ ಹಗ್ಗದಲ್ಲಿ, ಕುಕ್ಕೆ ಹಾಕಿ, ಕೋಣೆಯ ಆಚೆ ಬದಿಗೆ.

ಈಗ ಎಲ್ಲರೂ ತಪ್ಪೋದು ಎಲ್ಲಿ ಅಂದ್ರೆ: ನಾಯಿ ಮಲಗ್ತು, ಕಣ್ಣು ಅರ್ಧ ಮುಚ್ಚಿದೆ, ಅತಿಥಿಗೂ ಧೈರ್ಯ ಬಂತು. ಹೊರಡೋಣ ಅಂತ ಎದ್ದು ನಿಂತು, ಮನೆಯವರ ಕಡೆ ಒಂದು ಹೆಜ್ಜೆ ಇಟ್ಟು ಕೈ ಚಾಚ್ತಾರೆ. ಅದೇ ಕ್ಷಣ. ಕೂತಿದ್ದ ಮನುಷ್ಯನನ್ನ ಅದು ಒಪ್ಪಿತ್ತು, ಎದ್ದು ಓಡಾಡೋ ಮನುಷ್ಯ ಅದರ ಲೆಕ್ಕದಲ್ಲಿ ಹೊಸಬ. ಶೌಚಾಲಯಕ್ಕೆ ಹೋಗಿ ವಾಪಸ್ ಬಂದವನೂ ಹೊಸಬನೇ. ಅದಕ್ಕೇ ಅತಿಥಿ ಏಳೋ ಮುಂಚೆ ನಾಯಿ ಕೋಣೆಗೆ ಹೋಗ್ಬೇಕು, ಪ್ರತಿ ಸಲ.

ಗುರ್ ಅಂದ್ರೆ ಬೈಬೇಡಿ. ಗುರ್ ಅಂದ್ರೆ ಎಚ್ಚರಿಕೆ ಗಂಟೆ, ಬೈದು ಬೈದು ಆ ಗಂಟೆ ಬಿಚ್ಚಿಹಾಕಿದ್ರೆ ಮುಂದಿನ ಸಲ ಸದ್ದಿಲ್ದೆ ಹಲ್ಲು ಬರುತ್ತೆ. ಶಾಕ್ ಕಾಲರ್ ಮಾಡೋದೂ ಅದೇ. ಬೊಗಳೋ ನಾಯಿ ಕಚ್ಚಲ್ಲ ಅನ್ನೋ ಗಾದೇನ ಈ ತಳಿ ಓದಿಲ್ಲ, ಎರಡೂ ಮಾಡುತ್ತೆ. ರಾತ್ರಿ ಬೊಗಳೋದು ನಿಲ್ಲಲ್ಲ, ಕಮ್ಮಿ ಮಾಡ್ಬೇಕು ಅಂದ್ರೆ ರಾತ್ರಿ ಒಳಗೆ ಮಲಗಿಸಿ, ರಸ್ತೆ ಕಾಣೋ ಬೇಲಿಗೆ ಮರೆ ಕಟ್ಟಿ.

ಹೊಸಿಲು:
ಕಚ್ಚಿದ್ದನ್ನು ಹೇಳಿದರೆ ಅವರು ಹಿಂದೆ ಸರಿಯಬಹುದು ಅಂತ ಒಬ್ಬರು ಸಲಹೆ ಕೊಟ್ಟರು, "ಬಾಯಿ ಹಾಕಿತ್ತು" ಅಂತ ತೇಲಿಸಿ ಹೇಳಿ ಅಂತ.

ಗೂಟದಹಗ್ಗ:
ಆ ಸಲಹೆ ಕೊಟ್ಟವರ ಮಾತು ಬಿಡಿ. ಲಿಖಿತವಾಗಿ ಕೊಡಿ, ಇಬ್ಬರ ಸಹಿ ಇರಲಿ. ಶಬ್ದಗಳಲ್ಲಿ ಜಗ್ಗಾಡುವ ಬದಲು ಪಶುವೈದ್ಯ, ನಾಯಿ ನಡವಳಿಕೆ ತಜ್ಞ ಇಯಾನ್ ಡನ್ಬಾರ್ ಅವರ, ಕಡಿತದ ತೀವ್ರತೆ ಹೇಳುವ 6 ಹಂತದ ಅಳತೆ ಬಳಸಿ. 1 ಅಂದರೆ ಗಾಳಿಗೆ ಬಾಯಿ ಹಾಕಿದ್ದು. 2 ಹಲ್ಲು ತಾಗಿದೆ, ತೂತಿಲ್ಲ. 3 ಅಂದರೆ ಒಂದೇ ಕಡಿತದಲ್ಲಿ 1ರಿಂದ 4 ತೂತು, ಯಾವುದೂ ಕೋರೆಹಲ್ಲಿನ ಅರ್ಧ ಉದ್ದಕ್ಕಿಂತ ಆಳವಿಲ್ಲ. 4 ಅಂದರೆ ಅದಕ್ಕಿಂತ ಆಳ, ಅಥವಾ ಹಿಡಿದು ಅಲ್ಲಾಡಿಸಿದ್ದು. 5 ಅಂಥವೇ ಹಲವು. 6 ಸಾವು. ನಿಮ್ಮದು 3. ಆಳ ನಿಮಗೆ ಅಂದಾಜಿದ್ದರೆ ಸಾಲದು, ಗಾಯ ನೋಡಿದ ವೈದ್ಯರ ಚೀಟಿಯ ಪ್ರತಿ ಸಿಕ್ಕರೆ ಲಗತ್ತಿಸಿ. ಜೊತೆಗೆ ಎಲ್ಲಿ, ಯಾವ ಹೊತ್ತು, ಕಚ್ಚುವ ಮೊದಲು ನಾಯಿ ಬೊಗಳಿತ್ತೇ, ಬಿಟ್ಟ ಮೇಲೆ ಹಿಂದೆ ಸರಿಯಿತೇ ಅಂತ ನಾಲ್ಕು ಸಾಲು. 4 ಅಥವಾ ಮೇಲಿದ್ದಿದ್ದರೆ ಈ ಚರ್ಚೆಯೇ ಬೇರೆ ಆಗುತ್ತಿತ್ತು, ಸಾಮಾನ್ಯ ಮನೆಗೆ ಕೊಡುವ ಮಾತೇ ಇರುತ್ತಿರಲಿಲ್ಲ.

ಅದೇ ಕಾಗದದಲ್ಲಿ: ಸರಪಳಿಯಲ್ಲಿ ಕಟ್ಟುವುದಿಲ್ಲ, ಬೇರೆಯವರಿಗೆ ದಾಟಿಸುವುದಿಲ್ಲ, ಆಗಲ್ಲ ಅನಿಸಿದರೆ ಯಾವ ವರ್ಷವಾದರೂ ನಿಮಗೇ ವಾಪಸ್, ಮತ್ತು ವಾಪಸ್ ಹೇಳಿದ ದಿನದಿಂದ ನೀವು ಎಷ್ಟು ದಿನದೊಳಗೆ ಕರೆದೊಯ್ಯುತ್ತೀರಿ. ಕೊನೆಯದನ್ನು ಬರೆಯದೆ ಬಿಟ್ಟರೆ "ತಗೊಂಡು ಹೋಗಿ" ಅಂದ ಮೇಲೆ ತಿಂಗಳುಗಟ್ಟಲೆ ನಾಯಿ ಶೆಡ್ಡಿನಲ್ಲಿ ಬಿದ್ದಿರುತ್ತೆ.

ಹೊಸಿಲು:
ಎರಡನೆಯವರ ಜೊತೆ ಮಾತಾಯಿತು. ಕಚ್ಚಿದ ವಿವರ ಕೇಳಿ, ಗೇಟಿಗೆ ಶೀಟ್ ಇದೆಯಾ ಅಂತ ಅವರೇ ಮೊದಲು ಕೇಳಿದರು. ಬಯಲಿನಲ್ಲಿ ಭೇಟಿ ಈ ವಾರ. ಕೊನೆಯದೊಂದು: ಗುರುತಿನ ಮೈಕ್ರೋಚಿಪ್ ಇದೆ ಅಂತ ಹಳೇ ಚೀಟಿಯಲ್ಲಿದೆ, ಆದರೆ ಸ್ಕ್ಯಾನರ್ ಹಿಡಿದರೆ ಏನೂ ಬರುತ್ತಿಲ್ಲ.

ತೂಕದಕಲ್ಲು:
ಭುಜಗಳ ನಡುವೆ ಮಾತ್ರ ನೋಡಿರುತ್ತಾರೆ. ಚಿಪ್ ಚರ್ಮದಡಿ ಜಾರಿ ಮೊಣಕೈವರೆಗೂ ಇಳಿದಿರಬಹುದು. ಕೊರಳಪಟ್ಟಿ ಬಿಚ್ಚಿ, ಸ್ಕ್ಯಾನರನ್ನು ಮೈಗೆ ತಾಗಿಸಿ, ಕತ್ತಿನಿಂದ ಎರಡೂ ಬದಿಯ ಮೊಣಕೈವರೆಗೆ, ಎದೆಯ ಮುಂಭಾಗಕ್ಕೆ ಹಾವಿನಂತೆ ನಿಧಾನ ಓಡಿಸಲಿ. ದಪ್ಪ ತುಪ್ಪಳ ಇರುವುದರಿಂದ ಒತ್ತಿ ಹಿಡಿಯಬೇಕು. 134.2 ಕಿಲೋಹರ್ಟ್ಜ್ ಓದುವ ಸ್ಕ್ಯಾನರ್ ಆಗಿರಲಿ, 15 ಅಂಕಿ ಬರಬೇಕು. ಹಳೆಯ ಚಿಪ್‌ಗಳಲ್ಲಿ ಬೇರೆ ಆವರ್ತನದವೂ ಇವೆ, ಎಲ್ಲ ಆವರ್ತನ ಓದುವ ಸ್ಕ್ಯಾನರಿನಲ್ಲೂ ಸಿಗದಿದ್ದರೆ ಹೊಸದು ಹಾಕಿಸಿ. ಸಂಖ್ಯೆ ಸಿಕ್ಕಿದರೆ ಅಲ್ಲಿಗೆ ಮುಗಿಯಲಿಲ್ಲ: ನೋಂದಣಿಯಲ್ಲಿ ಯಾರ ಫೋನ್ ಇದೆ ನೋಡಿ. ಸರಪಳಿ ಹಾಕಿದ್ದವರ ಸಂಖ್ಯೆಯೇ ಇನ್ನೂ ಅಲ್ಲಿರಬಹುದು. ನಾಯಿ ಗಾಡಿ ಹತ್ತುವ ಮೊದಲು ಹೊಸಬರ ಸಂಖ್ಯೆ, ಅದರ ಕೆಳಗೆ ನಿಮ್ಮದು.